ಶುಲ್ಕದ ಹಣದಿಂದ ವಿಶ್ವವಿದ್ಯಾಲಯ ನಡೆಯಬಲ್ಲುದೇ?

ಪ್ರಶ್ನೆ: ನನ್ನ ಮಗಳು ಚಿಕ್ಕ ಅಳುವಾರದಲ್ಲಿರುವ ಕೊಡಗು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಪ್ರತಿ ಸೆಮಿಸ್ಟರಿಗೂ ಪರೀಕ್ಷಾ ಶುಲ್ಕ ಕಟ್ಟುತ್ತೇವೆ. ಆದರೂ ಹಣವಿಲ್ಲದ ಕಾರಣ ಅದನ್ನು ಮುಚ್ಚಬೇಕೆಂಬ ಮಾತು ಕೇಳಿಬಂತು. ಫಸಲು ಮಾರಿ ತೋಟ ನಡೆಸುವ ನಮ್ಮಂತೆ ವಿಶ್ವವಿದ್ಯಾಲಯವೂ ತನ್ನ ಆದಾಯದಲ್ಲೇ ನಡೆಯಬಾರದೇ?
— ಕಾಫಿ ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ತಾವು ಕಟ್ಟುವ ಪರೀಕ್ಷಾ ಶುಲ್ಕದ ಬಹುಪಾಲು ಪರೀಕ್ಷೆಗೇ ಖರ್ಚಾಗುತ್ತದೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರ ಮತ್ತು ಮೌಲ್ಯಮಾಪಕರ ಸಂಭಾವನೆ, ಅವರ ಪ್ರಯಾಣಭತ್ಯೆ, ಉತ್ತರಪತ್ರಿಕೆ ಹಾಗೂ ಅಂಕಪಟ್ಟಿಗಳ ಮುದ್ರಣ ಇವೆಲ್ಲವೂ ಅದರಿಂದಲೇ ನಡೆಯಬೇಕು. ಉಳಿದ ಸ್ವಂತ ಆದಾಯವೆಂದರೆ ಪ್ರವೇಶ ಶುಲ್ಕ, ಸಂಯೋಜಿತ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಘಟಿಕೋತ್ಸವದ ಶುಲ್ಕ ಮತ್ತು ಠೇವಣಿಯ ಬಡ್ಡಿ. ಬಡ್ಡಿಯನ್ನು ಬಿಟ್ಟರೆ ಇವೆಲ್ಲವೂ ಕಾಲೇಜುಗಳ ಮತ್ತು ವಿದ್ಯಾರ್ಥಿಗಳ ಸಂಖ್ಯೆಯನ್ನು ಅವಲಂಬಿಸಿವೆ.

ಕೊಡಗಿನ ಕಷ್ಟ ಇರುವುದು ಇಲ್ಲಿಯೇ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 5.54 ಲಕ್ಷ ಮಾತ್ರ. ಕೊಡಗು ವಿಶ್ವವಿದ್ಯಾಲಯವು ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದಾಗ ದಕ್ಷಿಣ ಕನ್ನಡ, ಉಡುಪಿ ಮತ್ತು ಕೊಡಗು ಈ ಮೂರೂ ಜಿಲ್ಲೆಗಳ ಶುಲ್ಕ ಒಂದೇ ಬೊಕ್ಕಸಕ್ಕೆ ಸೇರುತ್ತಿತ್ತು. 2023ರಲ್ಲಿ ಪ್ರತ್ಯೇಕವಾದ ಮೇಲೆ ಆದಾಯ ಒಂದು ಸಣ್ಣ ಜಿಲ್ಲೆಗೆ ಸೀಮಿತವಾಯಿತು, ಆದರೆ ಕುಲಪತಿ, ಕುಲಸಚಿವರು, ವಿತ್ತಾಧಿಕಾರಿ, ಪರೀಕ್ಷಾ ವಿಭಾಗ, ಗ್ರಂಥಾಲಯ ಇವು ಸಣ್ಣ ವಿಶ್ವವಿದ್ಯಾಲಯಕ್ಕೂ ಬೇಕೇ ಬೇಕು. ಫಸಲು ಕಡಿಮೆಯಾದ ವರ್ಷವೂ ತೋಟದ ಕಸಿ (ಗಿಡಗಳ ಕೊಂಬೆ ಸವರುವುದು), ಗೊಬ್ಬರ, ನೆರಳು ತೆಗೆಯುವ ಕೆಲಸಗಳನ್ನು ಬಿಡಲಾಗದೆಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

ಸರ್ಕಾರಿ ವಿಶ್ವವಿದ್ಯಾಲಯಗಳ ದೊಡ್ಡ ಖರ್ಚು ವೇತನ. ಮಂಜೂರಾದ ಹುದ್ದೆಗಳಿಗೆ ನೇಮಕಗೊಂಡ ಕಾಯಂ ಅಧ್ಯಾಪಕರ ವೇತನಕ್ಕೆ ರಾಜ್ಯದ ಅನುದಾನ ಬರುತ್ತದೆ. ಹುದ್ದೆ ಖಾಲಿ ಉಳಿದರೆ ಪಾಠ ನಿಲ್ಲುವಂತಿಲ್ಲವಾದ್ದರಿಂದ ಅತಿಥಿ ಉಪನ್ಯಾಸಕರನ್ನು ತೆಗೆದುಕೊಂಡು, ಅವರ ಗೌರವಧನವನ್ನು ಅನೇಕ ಕಡೆ ಆಂತರಿಕ ಸಂಪನ್ಮೂಲದಿಂದಲೇ ಭರಿಸಬೇಕಾಗುತ್ತದೆ. ಅಂದರೆ ಸರ್ಕಾರ ನೇಮಕಾತಿಯನ್ನು ಮುಂದೂಡಿದಷ್ಟೂ ಆ ಹೊರೆ ವಿದ್ಯಾರ್ಥಿಗಳ ಶುಲ್ಕದ ಮೇಲೆ ಬೀಳುತ್ತದೆ. ಇದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಹಳೆಯ ವಿಶ್ವವಿದ್ಯಾಲಯಗಳಿಗೆ ಇದರ ಜೊತೆಗೆ ನಿವೃತ್ತರ ಪಿಂಚಣಿಯ ಭಾರವೂ ಇದೆ.

ಕೇಂದ್ರದ ನೆರವೂ ತಾನಾಗಿ ಬರುವುದಿಲ್ಲ. 1972ರ ಜೂನ್ 17ರ ನಂತರ ಸ್ಥಾಪನೆಯಾದ ವಿಶ್ವವಿದ್ಯಾಲಯವು ಅನುದಾನಕ್ಕೆ ಅರ್ಹವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೆ (ಯುಜಿಸಿ), ಅದರ ಕಾಯ್ದೆಯ 12ಬಿ ಕಲಮಿನಂತೆ, ಮನವರಿಕೆಯಾಗಬೇಕು. ಅದಕ್ಕೆ ಕಾಯಂ ಅಧ್ಯಾಪಕರೂ ಕಟ್ಟಡಗಳೂ ಬೇಕು. ಅವುಗಳಿಗೆ ಮೊದಲು ರಾಜ್ಯವೇ ಹಣ ಹಾಕಬೇಕು.

ಆದ್ದರಿಂದ ಶುಲ್ಕದ ಗಳಿಕೆಯನ್ನೇ ಅಳತೆಗೋಲಾಗಿಸಿದರೆ ಕೊಡಗಿನಂಥ ಜಿಲ್ಲೆಗೆ ಎಂದೂ ವಿಶ್ವವಿದ್ಯಾಲಯ ದಕ್ಕುವುದಿಲ್ಲ. ಶುಲ್ಕ ಏರಿಸಿ ಸರಿದೂಗಿಸಲು ಹೊರಟರೆ ತೋಟದ ಕಾರ್ಮಿಕರ ಮಕ್ಕಳು ಮೊದಲು ಹೊರಗುಳಿಯುತ್ತಾರೆ. ತಮಗೆ ಲೆಕ್ಕ ನೋಡುವ ಆಸಕ್ತಿ ಇದ್ದರೆ, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ ವಾರ್ಷಿಕ ಆಯವ್ಯಯವನ್ನೂ ಲೆಕ್ಕಪರಿಶೋಧನಾ ವರದಿಯನ್ನೂ ಕೇಳಬಹುದು. ಅದರೊಂದಿಗೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು ಎಂಬುದನ್ನೂ ಕೇಳಿ.