ಶುಗರ್ ಇರುವವರ ಪೊರೆ ಬಲಿಯಲಿ ಅಂತ ಕಾಯಬೇಡಿ, ಮೊದಲು ಕಾರ್ನಿಯಾ ತೋರಿಸಿ

ತಂದೆಯವರಿಗೆ 15 ವರ್ಷದಿಂದ ಶುಗರ್ ಇದೆ, ಪೊರೆ ಪೂರ್ತಿ ಬಲಿತ ಮೇಲೆ ಆಪರೇಷನ್ ಮಾಡಿಸಿದರೆ ಅಪಾಯ ಕಡಿಮೆಯೇ, ಯಾವ ಲೆನ್ಸ್ ಹಾಕಿಸೋಣ ಎಂದು ಕೇಳಿದ್ದೀರಿ. ಕಣ್ಣಿನ ವಿಭಾಗದ ಬೆಂಚುಗಳ ಮೇಲೆ ದಿನಾ ಕೇಳುವ ಮಾತಿದು. ನನ್ನ ಪ್ರಕಾರ ಲೆನ್ಸಿನ ಪ್ರಶ್ನೆ ಆಮೇಲಿನದು, ಕಾಯುವುದಂತೂ ತಪ್ಪು.

'ಬಲಿಯಲಿ' ಅನ್ನುವುದು ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದ ಕಾಲದ ಲೆಕ್ಕ. ಈಗಿನ ಫೇಕೋ ಎಂಬ ಆಪರೇಷನ್ನಿನಲ್ಲಿ ಪೊರೆಯನ್ನು ಅಲ್ಟ್ರಾಸೌಂಡಿನಿಂದ ಕಣ್ಣೊಳಗೇ ಒಡೆದು ಹೀರಿ ತೆಗೆಯುತ್ತಾರೆ. ಪೊರೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾದಷ್ಟೂ ಹೆಚ್ಚು ಶಕ್ತಿ, ಹೆಚ್ಚು ಹೊತ್ತು ಬೇಕು. ಅದರ ಪೆಟ್ಟು ಬೀಳುವುದು ಸ್ವಲ್ಪವೇ ಮುಂದಿರುವ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಂಥ ಭಾಗ) ಒಳಪದರಕ್ಕೆ, ಅಂದರೆ ಎಂಡೋಥೀಲಿಯಂಗೆ. ಅದು ಒಂದೇ ಒಂದು ಪದರ ಜೀವಕೋಶ. ಕಾರ್ನಿಯಾಕ್ಕೆ ಇಳಿಯುವ ನೀರನ್ನು ಸದಾ ಹೊರಹಾಕುತ್ತ ಅದನ್ನು ತಿಳಿಯಾಗಿಡುವುದೇ ಅದರ ಕೆಲಸ. ಸತ್ತ ಕೋಶದ ಬದಲು ಹೊಸದು ಹುಟ್ಟುವುದಿಲ್ಲ, ಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ, ಅಷ್ಟೇ. ದೊಡ್ಡವರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2500 ಇರುತ್ತವೆ. 500ರ ಆಸುಪಾಸಿಗೆ ಇಳಿದರೆ ಕಾರ್ನಿಯಾ ಊದಿ ಮಂಜಾಗುತ್ತದೆ, ಆಗ ಕಾರ್ನಿಯಾ ಕಸಿಯ ಮಾತು ಬರುತ್ತದೆ. ಶುಗರ್ ಇರುವವರಲ್ಲಿ ಎಣಿಕೆ ಚೆನ್ನಾಗಿದ್ದರೂ ಕೋಶಗಳ ಗಾತ್ರ, ಆಕಾರ ಏರುಪೇರಾಗಿರುತ್ತವೆ. ಆಪರೇಷನ್ನಿನಲ್ಲಿ ಹೆಚ್ಚು ಕೋಶ ಹೋಗುತ್ತವೆ, ಊತವೂ ನಿಧಾನವಾಗಿ ಇಳಿಯುತ್ತದೆ. ಸಾಲದ್ದಕ್ಕೆ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ. ಆ ಇಕ್ಕಟ್ಟಿನಲ್ಲಿ ಗಟ್ಟಿ ಪೊರೆ ಒಡೆಯುವ ಪರಿಸ್ಥಿತಿಯನ್ನು ಕಾದು ಕಾದು ನಾವೇ ತಂದುಕೊಂಡಂತೆ.

ಹಾಗಾಗಿ ಈ ಒಳಪದರದ ಕೋಶಗಳನ್ನು ಎಣಿಸಿ ನೋಡುವ ಸ್ಪೆಕ್ಯುಲರ್ ಮೈಕ್ರೋಸ್ಕೋಪಿ ಪರೀಕ್ಷೆ ಮಾಡಿಸಿ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಎಣಿಕೆಯೊಂದನ್ನೇ ನೋಡಿ ಸುಮ್ಮನಾಗಬೇಡಿ. ಗಾತ್ರದ ಏರುಪೇರು ಎಷ್ಟು, ಷಟ್ಕೋನ (ಸಹಜ ಆಕಾರದ) ಕೋಶಗಳು ಶೇಕಡಾ ಎಷ್ಟು, ಕಾರ್ನಿಯಾದ ದಪ್ಪ ಎಷ್ಟು (ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು) ಎಂದೂ ಕೇಳಿ. ಎಣಿಕೆ ಕಡಿಮೆ ಬಂದರೆ ಆಪರೇಷನ್ನೇ ಬೇಡ ಅಂತಲ್ಲ. ಎಂಡೋಥೀಲಿಯಂಗೆ ಅಂಟಿ ಕಾಪಾಡುವ ಬಗೆಯ ಜೆಲ್ಲನ್ನು ಸರ್ಜನ್ ನಡುನಡುವೆ ಮತ್ತೆ ತುಂಬುತ್ತಾರೆ, ಶಕ್ತಿ ಕಡಿಮೆ ಬಳಸುತ್ತಾರೆ.

ಕಣ್ಣಿನ ಮೇಲ್ಮೈ ಒಣಗಿದೆಯೇ ಎಂದೂ ನೋಡಿಸಿ. ಕಣ್ಣೀರು ಅಳೆಯಲು ಕೆಳರೆಪ್ಪೆಗೆ ಸಿಕ್ಕಿಸುವ ಶಿರ್ಮರ್ ಕಾಗದದ ಪಟ್ಟಿ 5 ನಿಮಿಷದಲ್ಲಿ 5 ಮಿ.ಮೀ. ಕೂಡ ನೆನೆಯದಿದ್ದರೆ ಒಣಗಣ್ಣು ಜೋರಾಗಿದೆ ಎಂದರ್ಥ. ಒಣಗಣ್ಣಿನಲ್ಲಿ ತೆಗೆದ ಅಳತೆಯಿಂದ ಲೆನ್ಸ್ ಪವರೇ ತಪ್ಪಬಹುದು. ದುಬಾರಿ ಲೆನ್ಸ್ ಹಾಕಿಸಿ ಆಮೇಲೆ ಕನ್ನಡಕ ಹುಡುಕುವುದು ಯಾರಿಗೆ ಬೇಕು?

ಆಪರೇಷನ್ ಆದ ಮೇಲೆ 'ನೋವಿಲ್ಲ, ಚೆನ್ನಾಗಿದೆ' ಅನ್ನುವ ಮಾತನ್ನು ನಂಬಬೇಡಿ. ಬಹಳ ವರ್ಷದ ಶುಗರ್‌ನಲ್ಲಿ ಕಾರ್ನಿಯಾದ ನರಗಳು ಮಂದವಾಗಿರುತ್ತವೆ, ಗಾಯವಾದರೂ ಗೊತ್ತಾಗದು. ಕೆಟೊರೊಲ್ಯಾಕ್, ನೆಪಫೆನಾಕ್ ಎಂಬ ಉರಿಯೂತ ತಗ್ಗಿಸುವ ಡ್ರಾಪ್ಸ್ ಕೊಡುವುದು ರೆಟಿನಾದ (ಕಣ್ಣಿನ ಹಿಂಭಾಗದ ದೃಷ್ಟಿಪದರ) ನಡುಭಾಗ ಊದದಿರಲಿ ಎಂದು, ಶುಗರ್ ಇರುವವರಿಗೆ ಅದು ಬೇಕಾದದ್ದೇ. ಆದರೆ ಮೇಲ್ಪದರ ಕಿತ್ತಿರುವ ಕಣ್ಣಿಗೆ ಅದನ್ನೇ ಹಾಕುತ್ತಾ ಹೋದರೆ ಕಾರ್ನಿಯಾ ಕರಗುವುದೂ ಉಂಟು. ಬರೆದುಕೊಟ್ಟ ಅವಧಿ ಮುಗಿದ ಮೇಲೆ ಮೆಡಿಕಲ್ ಶಾಪಿನಿಂದ ಇನ್ನೊಂದು ಬಾಟಲಿ ತರಬೇಡಿ. ಬೆಳಿಗ್ಗೆ ಮಂಜು, ಮಧ್ಯಾಹ್ನಕ್ಕೆ ತಿಳಿ, ಹೀಗೇ ವಾರಗಟ್ಟಲೆ ನಡೆದರೆ ಒಳಪದರ ಸೋತಿರಬಹುದು, ತೋರಿಸಿ. ಕೆಂಪು, ಬಿಳಿ ಚುಕ್ಕೆ, ದೃಷ್ಟಿ ಕುಸಿತ ಕಂಡರೆ ಅದೇ ದಿನ ಹೋಗಿ.

ಶುಗರನ್ನು ಹಿಡಿತಕ್ಕೆ ತರಬೇಕು ನಿಜ, ಆದರೆ ಆಪರೇಷನ್ನಿಗೆಂದು ಒಂದೇ ವಾರದಲ್ಲಿ ಕೆಳಗಿಳಿಸುವ ಸಾಹಸ ಬೇಡ, ರೆಟಿನಾ ಕೆಡಬಹುದು. ಎರಡನೇ ಕಣ್ಣಿಗೂ ಆತುರಪಡಬೇಡಿ. ಮೊದಲ ಕಣ್ಣಿನ ಊತ ಇಳಿದ ಮೇಲೆ ಇನ್ನೊಮ್ಮೆ ಸ್ಪೆಕ್ಯುಲರ್ ಮಾಡಿಸಿ, ಹಳೇ ರಿಪೋರ್ಟಿನ ಪಕ್ಕ ಇಟ್ಟು ಎಷ್ಟು ಕೋಶ ಹೋದವೆಂದು ಡಾಕ್ಟರನ್ನು ಕೇಳಿ, ಆಮೇಲೆ ದಿನ ಗೊತ್ತುಮಾಡಿ.