ಆ ಒಂದು ಸಾಲಿನಿಂದ ಶುರು ಮಾಡಿ

ಮಾದಾಪುರದ ಗೆಳೆಯರಿಗೆ ನಮಸ್ಕಾರ.

‘ಇತ್ತೀಚೆಗೆ ನೋಡಿದ ಸಿನಿಮಾಗಳು: ನನ್ನ ನೇರ ಮಾತು’ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸುಮ್ನೆ ‘ಚೆನ್ನಾಗಿದೆ, ಬರೆಯುತ್ತಿರಿ’ ಅಂದರೆ ನಿಮಗೆ ಏನೂ ಸಿಗುವುದಿಲ್ಲ.

ಏಳು ಸಿನಿಮಾ ತೆಗೆದುಕೊಂಡಿದ್ದೀರಿ. ‘ಕಾಂತಾರ: ಚಾಪ್ಟರ್ 1’, ‘ಸು ಫ್ರಮ್ ಸೋ’, ‘ಸಪ್ತ ಸಾಗರದಾಚೆ ಎಲ್ಲೋ’ದ ಎರಡೂ ಭಾಗ, ಮಲಯಾಳದ ‘ಮಂಜುಮ್ಮೆಲ್ ಬಾಯ್ಸ್’, ಮತ್ತೆ ಹಾಕಿಕೊಂಡು ನೋಡಿದ ‘ಮುಂಗಾರು ಮಳೆ’, ಅಜ್ಜನ ಜೊತೆ ಕೂತು ನೋಡಿದ ‘ಮುತ್ತಿನ ಹಾರ’. ಒಂದೊಂದಕ್ಕೂ ಒಂದು ಪ್ಯಾರಾ ಕಥೆ, ಎರಡು ಸಾಲು ಅಭಿಪ್ರಾಯ, ಕೊನೆಗೆ ನಕ್ಷತ್ರ. ‘ಮೇಕಿಂಗ್ ಸೂಪರ್, ಬಿಜಿಎಂ ಬೆಂಕಿ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್’ ಅನ್ನುವ ಮಾತು ಮೂರು ಕಡೆ ಬಂದಿದೆ. ಸಿನಿಮಾದ ಹೆಸರು ಮುಚ್ಚಿಕೊಂಡು ಓದಿ ನೋಡಿ. ಯಾವುದರ ಬಗ್ಗೆ ಬರೆದದ್ದು ಅಂತ ನಿಮಗೇ ಹೇಳಲು ಆಗುವುದಿಲ್ಲ.

ನಿಮ್ಮ ಅಭಿಪ್ರಾಯಗಳ ಬಗ್ಗೆ ನನ್ನ ತಕರಾರಿಲ್ಲ. ಎಲ್ಲರೂ ಹೊಗಳಿದ್ದು ನಿಮಗೆ ಹಿಡಿಸಲಿಲ್ಲ ಅಂದರೆ ಹಾಗೇ ಬರೆಯಿರಿ. ಪ್ರತಿ ಪ್ಯಾರಾದ ಕೊನೆಗೆ ‘ಇದು ನನ್ನ ವೈಯಕ್ತಿಕ ಅಭಿಪ್ರಾಯ ಅಷ್ಟೇ’ ಅಂತ ಸೇರಿಸುವುದು ಬೇಡ. ನಿಮ್ಮ ಹೆಸರಲ್ಲಿ ಬರುವ ಲೇಖನದಲ್ಲಿ ಇನ್ನೊಬ್ಬರ ಅಭಿಪ್ರಾಯ ಇರುತ್ತದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಾನು ಕೇಳುವುದು ಒಂದೇ: ಪರದೆಯ ಮೇಲೆ ಏನು ನೋಡಿ ನಿಮಗೆ ಹಾಗೆ ಅನ್ನಿಸಿತು?

‘ಸಪ್ತ ಸಾಗರದಾಚೆ ಎಲ್ಲೋ’ ತೆಗೆದುಕೊಳ್ಳೋಣ. ಎರಡನೇ ಭಾಗ ಸೈಡ್ ಬಿ ಬೋರ್ ಆಯಿತು, ನಾಯಕ ಮನು ಬೇರೆಯೇ ಮನುಷ್ಯನಾಗಿಬಿಟ್ಟ ಅಂತ ಬರೆದಿದ್ದೀರಿ. ಅದೇ ಪ್ಯಾರಾದಲ್ಲಿ ಎರಡೂ ಭಾಗವನ್ನು ಒಂದೇ ರಾತ್ರಿ ನೋಡಿ ಮುಗಿಸಿದೆ ಅಂತಲೂ ಇದೆ. ಸೈಡ್ ಎ ಬಿಡುಗಡೆಯಾದದ್ದು 2023ರ ಸೆಪ್ಟೆಂಬರ್ 1ಕ್ಕೆ. ಸೈಡ್ ಬಿ ಬಂದದ್ದು ನವೆಂಬರ್ 17ಕ್ಕೆ. ಥಿಯೇಟರಿನಲ್ಲಿ ನೋಡಿದವರು ಮನುವನ್ನು ಜೈಲಿನಲ್ಲಿ ಬಿಟ್ಟು ಎರಡೂವರೆ ತಿಂಗಳು ಕಾದರು. ಆ ಕಾಯುವಿಕೆಯಲ್ಲಿ ಅವನು ಬದಲಾಗುವುದಕ್ಕೆ ಒಂದಿಷ್ಟು ಜಾಗ ಸಿಕ್ಕಿತ್ತು. ನೀವು ನೀರು ಕುಡಿದು ಬಂದು ಕೂರುವಷ್ಟರಲ್ಲಿ ನಿಮ್ಮ ಮನು ಬೇರೆಯವನಾಗಿದ್ದ. ಮೊದಲ ಭಾಗದ ನೀಲಿ ಹೋಗಿ ಎರಡನೆಯದರಲ್ಲಿ ಕೆಂಪು ತುಂಬಿಕೊಂಡದ್ದೂ ನಿಮಗೆ ದಿಢೀರ್ ಅನ್ನಿಸಿರಬಹುದು. ಇಷ್ಟಾದ ಮೇಲೂ ಸೈಡ್ ಬಿ ಸೋತಿದೆ ಅಂತ ನೀವು ಹೇಳಬಹುದು. ನೋಡಿದ ರೀತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿದರೆ ಓದುವವರು ನಂಬುತ್ತಾರೆ.

‘ಸು ಫ್ರಮ್ ಸೋ’ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ ಅಂದಿದ್ದೀರಿ. ಎಲ್ಲಿ ನಕ್ಕಿರಿ? ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಇಡೀ ಊರು ನಂಬುವುದು, ರವಿಯಣ್ಣ ಮುಂದೆ ನಿಂತು ಎಲ್ಲವನ್ನೂ ಸರಿಮಾಡಲು ಹೊರಡುವುದು, ಇದೆಲ್ಲ ಕರಾವಳಿಯ ಒಂದು ಹಳ್ಳಿಯ ಕಥೆ. ಮದುವೆಗೂ ಸಾವಿಗೂ ಮೊದಲು ಓಡಿಬರುವ ಅಂಥ ಒಬ್ಬ ಅಣ್ಣ ನಿಮ್ಮೂರಲ್ಲೂ ಇರುತ್ತಾರೆ ಅಲ್ವಾ? ಅವರನ್ನು ನೆನಪಿಸಿಕೊಂಡು ನಕ್ಕಿದ್ದರೆ ಅದನ್ನು ಬರೆಯಬೇಕಿತ್ತು. ಅದರ ಬದಲು ಇಡೀ ಕಥೆ ಹೇಳಿ, ಕೊನೆಯನ್ನೂ ಬಿಟ್ಟುಕೊಟ್ಟಿದ್ದೀರಿ. ನಮ್ಮ ಓದುಗರಲ್ಲಿ ಎಷ್ಟೋ ಜನ ಹೊಸ ಸಿನಿಮಾ ಥಿಯೇಟರಿನಲ್ಲಿ ನೋಡಬೇಕು ಅಂದರೆ ಮೈಸೂರಿಗೆ ಹೋಗುತ್ತಾರೆ. ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಹೋಗುವವರಿಗೆ ಕ್ಲೈಮ್ಯಾಕ್ಸ್ ಮೊದಲೇ ಹೇಳಬಾರದು.

ಕೆಲವು ಸಾಲುಗಳನ್ನು ಪೂರ್ತಿ ತೆಗೆಯಿರಿ. ಒಬ್ಬ ನಟಿಯ ಮೈಕಟ್ಟಿನ ಬಗ್ಗೆ ಬರೆದದ್ದು ನಮ್ಮ ಪತ್ರಿಕೆಯಲ್ಲಿ ಬರುವುದಿಲ್ಲ. ಅದಕ್ಕೂ ಅವರ ನಟನೆಗೂ ಸಂಬಂಧ ಇಲ್ಲ. ಎಷ್ಟು ಕೋಟಿ ಗಳಿಸಿತು ಅನ್ನುವ ಲೆಕ್ಕವೂ ಬೇಡ. ಎಲ್ಲಿಂದಲೋ ಎತ್ತಿದ ಅಂಕಿ ಅದು, ನೀವು ನೋಡಿದ್ದಕ್ಕೆ ಅದರಿಂದ ಏನೂ ಸೇರುವುದಿಲ್ಲ.

‘ಮಂಜುಮ್ಮೆಲ್ ಬಾಯ್ಸ್’ ಬಗ್ಗೆ ಬರೆಯುತ್ತಾ ‘ಕನ್ನಡದಲ್ಲಿ ಇಂಥದ್ದು ಬರುವುದೇ ಇಲ್ಲ’ ಅಂದಿದ್ದೀರಿ. ಈ ಮಾತು ನನಗೆ ಬೇಸರ ತಂದಿತು. 2006ರಲ್ಲಿ ಕೊಡೈಕೆನಾಲಿನ ಗುಣ ಗುಹೆಯಲ್ಲಿ ನಿಜವಾಗಿ ನಡೆದ ಘಟನೆಯನ್ನು, ಸ್ನೇಹಿತನನ್ನು ಗುಂಡಿಯಲ್ಲಿ ಬಿಟ್ಟು ಬರಲು ಒಪ್ಪದ ಹುಡುಗರನ್ನು ಅವರು ಚೆನ್ನಾಗಿ ತೋರಿಸಿದ್ದಾರೆ, ಒಪ್ಪುತ್ತೇನೆ. ವಿರಾಜಪೇಟೆಯ ಕಡೆ ಮಲಯಾಳ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಹೊಗಳಲು ನಮಗೆ ಯಾವ ಅಡ್ಡಿಯೂ ಇಲ್ಲ. ಆದರೆ ರಾಮ್ ರೆಡ್ಡಿಯವರ ‘ತಿಥಿ’ ನೋಡಿದ್ದೀರಾ? ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನ ಜನರನ್ನೇ ಇಟ್ಟುಕೊಂಡು ಮಾಡಿದ ಸಿನಿಮಾ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದರಲ್ಲಿ ಮುದುಕ ಗಡ್ಡಪ್ಪ ನಡೆದುಕೊಂಡು ಹೋಗುವುದನ್ನು ನೋಡಿದರೆ ಸಾಕು, ‘ಬರುವುದೇ ಇಲ್ಲ’ ಅನ್ನಲು ನಾಲಿಗೆ ಬರುವುದಿಲ್ಲ. ಒಂದು ಭಾಷೆಯ ಸಿನಿಮಾವನ್ನು ಪೂರ್ತಿಯಾಗಿ ತೀರ್ಮಾನಿಸುವ ಮೊದಲು ಅದನ್ನು ಹುಡುಕಿ ನೋಡಬೇಕು.

‘ಕಾಂತಾರ’ದ ಬಗ್ಗೆ ‘ಮೈ ಜುಮ್ಮೆಂದಿತು’ ಅನ್ನುವುದನ್ನು ಬಿಟ್ಟು ಬೇರೇನೂ ಇಲ್ಲ. ನಮ್ಮ ಕೊಡಗಿನಲ್ಲೂ ರಾತ್ರಿಯಿಡೀ ತೆರೆ, ಅಂದರೆ ದೈವದ ಕೋಲ, ನಡೆಯುತ್ತದೆ. ಅಲ್ಲಿ ನಿಂತು ನೋಡಿದವರಿಗೆ ಆ ಪರದೆಯ ಅಬ್ಬರ ಹೇಗೆ ಕಾಣಿಸಿತು? ಹೇಳಲು ಏನಾದರೂ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಈ ಪ್ಯಾರಾ ಬಿಡಿ.

ಈಗ ನನಗೆ ಮುಖ್ಯವಾದ ಮಾತು. ‘ಮುಂಗಾರು ಮಳೆ’ಯ ಬಗ್ಗೆ ಬರೆಯುವಾಗ, ಕಥೆ ನಡೆಯುವುದು ಮಡಿಕೇರಿಯಲ್ಲಿ, ತೋರಿಸುವುದು ಜೋಗ ಜಲಪಾತ, ಅದು ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ ಅಂತ ತಮಾಷೆ ಮಾಡಿದ್ದೀರಿ. ಸರಿ, ಅದನ್ನು ಎಲ್ಲರೂ ಹೇಳಿದ್ದಾರೆ. ಅದರ ಕೆಳಗೆ ಒಂದು ಸಾಲು ಇದೆ: ‘ಈಗ ಆ ಮಳೆ ನೋಡಿದರೆ ಮೊದಲಿನ ಹಾಗೆ ಅನ್ನಿಸುವುದಿಲ್ಲ.’ ಅಷ್ಟು ಬರೆದು ಮುಂದಿನ ಸಿನಿಮಾಕ್ಕೆ ಹೋಗಿಬಿಟ್ಟಿದ್ದೀರಿ.

ಅಲ್ಲಿ ನಿಲ್ಲಬೇಕಿತ್ತು. ನಿಮ್ಮ ಲೇಖನ ಇರುವುದೇ ಆ ಸಾಲಿನಲ್ಲಿ.

2006ರ ಡಿಸೆಂಬರ್ ಕೊನೆಗೆ ಬಂದ ಆ ಸಿನಿಮಾ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಅದರಲ್ಲಿ ಮಳೆ ಅಂದರೆ ಪ್ರೀತಿ, ವಿರಹ, ಗಣೇಶ್ ನೆನೆಯುತ್ತಾ ಆಡುವ ಮಾತು. ಬೆಂಗಳೂರಿನ ಪ್ರೇಕ್ಷಕರು ಅದನ್ನು ನೋಡಿ ಮಳೆ ಹುಡುಕಿಕೊಂಡು ಇಲ್ಲಿಗೆ ಬಂದರು. ಇಲ್ಲಿನವರಿಗೆ ಮಳೆ ಅಂದರೆ ಇಂಚು ಮತ್ತು ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕ, ಕಾಫಿಗೆ ಬರುವ ಕೊಳೆರೋಗ, ದಿನಗಟ್ಟಲೆ ಇಲ್ಲದ ಕರೆಂಟು. ಆದರೂ ನಾವೂ ಆ ಸಿನಿಮಾವನ್ನು ಇಷ್ಟಪಟ್ಟೆವು. ನಮ್ಮ ಮಳೆಯನ್ನು ಬೇರೆಯವರ ಕಣ್ಣಲ್ಲಿ ನೋಡುವುದು ಆಗ ಖುಷಿ ಕೊಟ್ಟಿತ್ತು.

ಆಮೇಲೆ 2018ರ ಆಗಸ್ಟ್ ಬಂತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಗುಡ್ಡ ಜಾರಿ ತೋಟ, ಮನೆ, ರಸ್ತೆ ಎಲ್ಲ ಹೋಯಿತು. ಜನ ತಿಂಗಳುಗಟ್ಟಲೆ ಪರಿಹಾರ ಕೇಂದ್ರಗಳಲ್ಲಿ ಇದ್ದರು. ಮಾದಾಪುರದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಅದಾದ ಮೇಲೆ ಅದೇ ಹಾಡು, ಅದೇ ಮಳೆ, ಅದೇ ಹಸಿರು ಗುಡ್ಡ ಪರದೆಯ ಮೇಲೆ ಬಂದಾಗ ನಿಮ್ಮ ಮನೆಯ ಹಾಲಿನಲ್ಲಿ ಏನಾಯಿತು? ಯಾರಾದರೂ ಎದ್ದು ಒಳಗೆ ಹೋದರಾ? ನೀವು ಕೊನೆಯವರೆಗೂ ನೋಡಿದಿರಾ? ಯಾವ ದೃಶ್ಯದಲ್ಲಿ ಮೊದಲು ಹಾಗೆ ಅನ್ನಿಸಿತು? ಹಾಗೆ ಅನ್ನಿಸಿದ ಮೇಲೂ ಗಣೇಶ್ ಮಾತಿಗೆ ನಗು ಬಂತಾ? ಬಂದಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಸಿನಿಮಾ ಬದಲಾಗಿಲ್ಲ, ನೋಡುವವರು ಬದಲಾಗಿದ್ದಾರೆ. ಬೆಂಗಳೂರಿನ ದೊಡ್ಡ ವಿಮರ್ಶಕರು ಯಾರೂ ನಿಮ್ಮ ಬದಲು ಇದನ್ನು ಬರೆಯಲು ಆಗುವುದಿಲ್ಲ.

ಒಂದು ಎಚ್ಚರ. ಮನೆ ಕಳೆದುಕೊಂಡವರು, ಮನೆಯವರನ್ನು ಕಳೆದುಕೊಂಡವರು ನಿಮ್ಮ ಅಕ್ಕಪಕ್ಕ ಇದ್ದಾರೆ. ಅವರ ವಿಷಯ ಬರುವುದಾದರೆ ಮೊದಲು ಅವರನ್ನು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ದುಃಖವನ್ನು ದೊಡ್ಡ ಮಾತುಗಳಲ್ಲಿ ಹೇಳಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕು.

‘ಮುತ್ತಿನ ಹಾರ’ವನ್ನು ಈ ಲೇಖನದಿಂದ ತೆಗೆದು ಬೇರೆ ಇಟ್ಟುಕೊಳ್ಳಿ. ‘ಅಜ್ಜನಿಗೆ ಈ ಸಿನಿಮಾ ತುಂಬಾ ಇಷ್ಟ’ ಅಂತ ಒಂದೇ ಸಾಲು ಬರೆದಿದ್ದೀರಿ. ಅಜ್ಜ ಸೇನೆಯಲ್ಲಿದ್ದವರು ಅಂತ ಬೇರೆ ಹೇಳಿದ್ದೀರಿ! 1990ರಲ್ಲಿ ರಾಜೇಂದ್ರಸಿಂಗ್ ಬಾಬು ಕೊಡಗಿನ ಯೋಧ ಅಚ್ಚಪ್ಪನ ಕಥೆ ಮಾಡಿದಾಗ, ವಿಷ್ಣುವರ್ಧನ್ ಆ ಸಮವಸ್ತ್ರದಲ್ಲಿ ನಿಂತಾಗ, ನಿಜವಾದ ಸೈನಿಕರಿಗೆ ಅದು ಹೇಗೆ ಕಂಡಿತು? ಕುಪ್ಯ, ಚೇಲೆ (ಕೊಡವರ ನಿಲುವಂಗಿ, ನಡುಪಟ್ಟಿ) ಉಟ್ಟ ರೀತಿ ಸರಿ ಇದೆಯಾ, ಸೆಲ್ಯೂಟ್ ಸರಿ ಇದೆಯಾ, ಅಜ್ಜ ಎಲ್ಲಿ ಸುಮ್ಮನಾದರು? ಅವರ ಜೊತೆ ಇನ್ನೊಮ್ಮೆ ಕೂತು ನೋಡಿ. ಈ ಸಲ ಪರದೆಗಿಂತ ಜಾಸ್ತಿ ಅಜ್ಜನನ್ನು ನೋಡಿ. ಅದು ಇನ್ನೊಂದು ಲೇಖನ, ಅದನ್ನೂ ನನಗೇ ಕಳುಹಿಸಿ.

ಸದ್ಯಕ್ಕೆ ‘ಮುಂಗಾರು ಮಳೆ’ ಒಂದೇ ಸಾಕು. 800 ಪದದೊಳಗೆ ಇರಲಿ, ನಕ್ಷತ್ರ ಬೇಡ. ಕಲಾವಿದರ, ತಂತ್ರಜ್ಞರ ಹೆಸರನ್ನು ಟೈಟಲ್ ಕಾರ್ಡ್ ನೋಡಿ ಬರೆದುಕೊಳ್ಳಿ. ಈ ಸಲ ಮೂರು ಹೆಸರು ತಪ್ಪಾಗಿವೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು ಇಲ್ಲಿ ತೆರೆದಾಗ ಒತ್ತಕ್ಷರ ಎಲ್ಲ ಒಡೆದು ಬಂತು, ಯೂನಿಕೋಡಿನಲ್ಲಿ ಕಳುಹಿಸಿ. ಕಾಫಿ ಕೊಯ್ಲು ಶುರುವಾದ ಮೇಲೆ ನಿಮಗೂ ಪುರುಸೊತ್ತು ಸಿಗುವುದಿಲ್ಲ, ಅದಕ್ಕಿಂತ ಮೊದಲೇ ಬಂದರೆ ಒಳ್ಳೆಯದು.

ಇಂತಿ,
ಸಂಪಾದಕ, ಮಡಿಕೇರಿ