‘ಎಲೆಮರೆಯ ಕಾಯಿ’ ಅನ್ನುವ ಹೆಸರನ್ನೇ ಮೊದಲು ಬಿಡಿ

ವಾರಕ್ಕೆ ಹತ್ತು ಬರಹಗಾರರನ್ನು ‘ಎಲೆಮರೆಯ ಕಾಯಿಗಳು’ ಅಂತ ಪರಿಚಯಿಸಬೇಕು, ಎಷ್ಟು ಓದುಗರಿಗಿಂತ ಕಡಿಮೆ ಇರುವವರನ್ನು ಆರಿಸಲಿ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಹೆಸರು ಕೂಡ ಇದೇ.

ನಮ್ಮ ಬ್ಲಾಗ್ ಬಳಗದಲ್ಲಿ ಏಳೆಂಟು ಜನ ಏನು ಬರೆದರೂ ನೂರಾರು ಮೆಚ್ಚುಗೆ ಬೀಳುತ್ತಿತ್ತು. ಉಳಿದವರು ಬರೆದದ್ದು ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅದು ನೋಡಿ ಸಂಕಟವಾಗುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ರಾತ್ರಿ ಕೂತು ಹತ್ತು ಹೆಸರು, ಹತ್ತು ಕೊಂಡಿ, ಪ್ರತಿಯೊಬ್ಬರಿಗೂ ಎರಡೆರಡು ಸಾಲು ಬರೆದು ಹಾಕುತ್ತಿದ್ದೆ. ಮೂರನೇ ವಾರ ಒಬ್ಬ ಹೆಣ್ಣುಮಗಳ ಬರಹ ಸಿಕ್ಕಿತು. ತೀರಿಹೋದ ಅಪ್ಪನ ಅಂಗಿಗಳನ್ನು ಮಡಿಚುತ್ತಾ ಕೂತವಳಿಗೆ ಒಂದು ಅಂಗಿಯ ಮೂರನೇ ಗುಂಡಿ ಮಾತ್ರ ಹಸಿರು ದಾರದಲ್ಲಿ ಹೊಲಿದದ್ದು ಕಾಣುತ್ತದೆ. ಅಪ್ಪನಿಗೆ ಸೂಜಿ ಹಿಡಿಯಲು ಬರುತ್ತಿತ್ತು ಅನ್ನುವುದೇ ಆಕೆಗೆ ಗೊತ್ತಿರಲಿಲ್ಲ. ಇಷ್ಟೇ ಬರಹ. ಓದಿ ಮುಗಿಸಿದ ಮೇಲೆ ಎಷ್ಟೋ ಹೊತ್ತು ಎದ್ದಿರಲಿಲ್ಲ ನಾನು.

ಆದರೆ ಪಟ್ಟಿಯಲ್ಲಿ ಏನು ಬರೆದೆ ಗೊತ್ತೇ? ‘ಮನಮುಟ್ಟುವ ಬರಹ. ಕೇವಲ 23 ಓದುಗರು! ದಯವಿಟ್ಟು ಪ್ರೋತ್ಸಾಹಿಸಿ.’

ಆ 23 ಅನ್ನುವ ಅಂಕಿಯೇ ನನ್ನ ತಪ್ಪು. ಜನರ ಮನಸ್ಸು ಕರಗಲಿ ಅಂತ ಹಾಕಿದ್ದೆ, ಕರಗಿತು ಕೂಡ. ಒಂದೇ ದಿನದಲ್ಲಿ ನಲವತ್ತಕ್ಕೂ ಹೆಚ್ಚು ಜನ ಹೋಗಿ ‘ಪಾಪ, ಬಿಡಬೇಡಿ’, ‘ಮುಂದೆ ಒಳ್ಳೆಯದಾಗುತ್ತೆ’, ‘ಪ್ರಯತ್ನ ಮುಂದುವರಿಸಿ’ ಅಂತ ಬರೆದು ಬಂದರು. ಹಸಿರು ದಾರದ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಯಾಕೆ ಮಾತಾಡುತ್ತಾರೆ? ಓದಲು ಕಳಿಸುವ ಬದಲು ಸಾಂತ್ವನ ಹೇಳಲು ಕಳಿಸಿದ್ದೆ ಅವರನ್ನು. ಗುಂಡಿಯ ವಿಷಯ ಒಂದು ಸಾಲು ಬರೆದಿದ್ದರೆ ಗುಂಡಿಗಾಗಿ ಬರುತ್ತಿದ್ದರು. ಅಂಕಿ ಬರೆದೆ, ಅಂಕಿಗಾಗಿ ಬಂದರು. ಆಕೆಯನ್ನು ಒಂದು ಮಾತು ಕೇಳಿಯೂ ಇರಲಿಲ್ಲ.

ಮರುದಿನ ಆಕೆಯಿಂದ ಪತ್ರ ಬಂತು. ಆ ಇಪ್ಪತ್ತಮೂರು ಜನರಲ್ಲಿ ಹೆಚ್ಚಿನವರು ಪ್ರತಿ ಬರಹಕ್ಕೂ ಉತ್ತರಿಸುವವರು, ನನ್ನನ್ನು ಯಾರೂ ಓದುವುದಿಲ್ಲ ಅಂತ ನಿಮಗೆ ಹೇಳಿದ್ದು ಯಾರು ಅಂತ ಕೇಳಿದ್ದರು. ಕ್ಷಮೆ ಕೇಳಿದೆ, ಅಂಕಿ ತೆಗೆದೆ. ಆದರೆ ಆಮೇಲೆ ಆಕೆ ಅಲ್ಲಿ ಬರೆಯಲಿಲ್ಲ. ಇವತ್ತಿಗೂ ನನಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತದೆ.

ಆದ್ದರಿಂದ ಎಷ್ಟು ಓದುಗರಿಗಿಂತ ಕಡಿಮೆ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅನ್ನುವ ಮೂವರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟಿದ್ದರು. ಪ್ರತಿ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡಿದ್ದಾರೆ ಅನ್ನುವ ಲೆಕ್ಕ ಕಾಣುತ್ತಿದ್ದ ಎಂಟು ಗುಂಪುಗಳಲ್ಲಿ ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ ಹಿಗ್ಗಿತು. ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡೇ ಇನ್ನೊಂದರಲ್ಲಿ 40ನೆಯದಾಯಿತು. ಅಂದರೆ ನೀವು ಜರಡಿ ಹಿಡಿಯಲು ಹೊರಟಿರುವ ಅಂಕಿಯಲ್ಲಿ ಬರಹದ ಗುಣಕ್ಕಿಂತ ಯಾರು ಮೊದಲು ಕಣ್ಣಿಗೆ ಬಿದ್ದರು ಅನ್ನುವುದೇ ಜಾಸ್ತಿ ಇರಬಹುದು. ಅದನ್ನು ನೋಡಿ ಆರಿಸಲೂಬೇಡಿ, ಓದುಗರಿಗೆ ತೋರಿಸಲೂಬೇಡಿ.

ಹತ್ತು ಜನವೂ ಬೇಡ. ಹತ್ತು ಕೊಂಡಿ ಕೊಟ್ಟರೆ ಜನ ಮೊದಲ ಎರಡು ಒತ್ತಿ ಹೋಗುತ್ತಾರೆ, ನನ್ನ ಪಟ್ಟಿಯಲ್ಲಿ ಪ್ರತಿ ವಾರ ಹಾಗೇ ಆಗುತ್ತಿತ್ತು. ಈಗ ನಾನು ತಿಂಗಳಿಗೆ ಒಬ್ಬರ ಬಗ್ಗೆ ಮಾತ್ರ ಬರೆಯುತ್ತೇನೆ. ಅವರ ಹಳೆಯ ಬರಹಗಳನ್ನೂ ಓದುತ್ತೇನೆ, ಅಲ್ಲೇ ಪ್ರತಿಕ್ರಿಯೆ ಬರೆಯುತ್ತೇನೆ, ಅವರ ಒಪ್ಪಿಗೆ ಕೇಳುತ್ತೇನೆ. ಕೆಲವರು ಬೇಡ ಅನ್ನುತ್ತಾರೆ, ಅಲ್ಲಿಗೆ ಬಿಡುತ್ತೇನೆ. ಪರಿಚಯದಲ್ಲಿ ಅವರದೇ ಒಂದು ಸಾಲು ಇರಲೇಬೇಕು. ‘ಪ್ರೋತ್ಸಾಹಿಸಿ’ ಅನ್ನುವ ಪದವನ್ನು ಮುಟ್ಟುವುದೇ ಇಲ್ಲ.

ನಿಮ್ಮ ಹತ್ತು ಹೆಸರು ಆಗಲೇ ಸಿದ್ಧವಿದೆ ಅಂದಿದ್ದೀರಿ. ಪಟ್ಟಿ ಮುಚ್ಚಿಟ್ಟು, ಅವರಲ್ಲಿ ಯಾರ ಬರಹದ ಒಂದು ಸಾಲು ನಿಮಗೆ ನೋಡದೆ ಹೇಳಲು ಬರುತ್ತದೆ ನೋಡಿ. ಅವರಿಗೆ ಇವತ್ತೇ ಪತ್ರ ಬರೆಯಿರಿ.